ಕೆಂಪಗಾದ ಉಕ್ಕಿಗೆ ಬೆಚ್ಚಗಿನ ಎಣ್ಣೆ

ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಭೋಸರಿ ಎಂಐಡಿಸಿಗೆ ಗುರುವಾರ ವಾರದ ರಜೆ. ಹಾಗಾಗಿ ಉಕ್ಕನ್ನು ಕಾಯಿಸಿ, ಆರಿಸಿ ಗಟ್ಟಿ ಮಾಡುವ ನಮ್ಮಂಥ ಹೀಟ್ ಟ್ರೀಟ್‌ಮೆಂಟ್ ಶಾಪುಗಳಲ್ಲಿ ಕಷ್ಟದ ಪಾಳಿ ಎಂದರೆ ಶುಕ್ರವಾರ ಬೆಳಗಿನದು. ಡಿಸೆಂಬರ್, ಜನವರಿಯಲ್ಲಿ ಪುಣೆಯ ಬೆಳಗಿನ ಚಳಿ 10-12 ಡಿಗ್ರಿಗೆ ಇಳಿಯುತ್ತದೆ. ಒಂದು ದಿನ ಪೂರ್ತಿ ಸುಮ್ನೆ ನಿಂತ ಕ್ವೆಂಚಿಂಗ್ ಎಣ್ಣೆ, ಅಂದರೆ ಕೆಂಪಗೆ ಕಾದ ಉಕ್ಕನ್ನು ಅದ್ದಿ ಆರಿಸುವ ಎಣ್ಣೆ, ಮಂದವಾಗಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದ ಹುಡುಗರಿಗೆ ಅದನ್ನು ಕಂಡರೆ ಖುಷಿ. "ಎಣ್ಣಿ ತಣ್ಣಗ ಐತಲ್ರಿ ಅಣ್ಣಾ, ಛಲೋನ ಆತು. ಲಗೂ ಆರತೈತಿ" ಅನ್ನುತ್ತಾರೆ.

ಲಗೂ ಆರುವುದಿಲ್ಲ. ತಣ್ಣನೆಯ ಮಂದ ಎಣ್ಣೆಯಲ್ಲಿ ಉಕ್ಕು ಬೆಚ್ಚಗಿನ ಎಣ್ಣೆಗಿಂತ ನಿಧಾನವಾಗಿಯೇ ಆರುತ್ತದೆ. ಇದು ಯಾಕೆ ಅಂತ ತಿಳಿದರೆ ಹಾರ್ಡನಿಂಗ್ (ಗಟ್ಟಿ ಮಾಡುವ) ಕೆಲಸದ ಅರ್ಧ ತಿಳಿದ ಹಾಗೆ. ಮಾಲು ಮೆತ್ತಗೆ ಬಂತು, ಬೆಂಡಾಯಿತು, ಕ್ರ್ಯಾಕ್ ಬಿತ್ತು ಅಂದ ತಕ್ಷಣ ಎಲ್ಲರೂ ಓಡುವುದು ಫರ್ನೆಸ್ ಮೀಟರ್ ಹತ್ತಿರ. ನಾನು ಹೇಳುವುದು ಇಷ್ಟೇ: ಮೊದಲು ಎಣ್ಣೆ ಟ್ಯಾಂಕಿನ ಹತ್ತಿರ ಹೋಗಿ.

ಎಣ್ಣೆ ಮಾಡುವ ಕೆಲಸ ಏನು

ಉಕ್ಕನ್ನು 800ರಿಂದ 850 ಡಿಗ್ರಿಯವರೆಗೆ ಕಾಯಿಸುತ್ತೇವೆ. ಓಎಚ್‌ಎನ್‌ಎಸ್ ಆದರೆ 800ರ ಆಸುಪಾಸು, ಈಎನ್ 31, ಈಎನ್ 24 ಆದರೆ 830-850 (ಇವೆಲ್ಲ ಉಕ್ಕಿನ ಜಾತಿಗಳು). ಆ ಬಿಸಿಯಲ್ಲಿ ಕಾರ್ಬನ್ ಕಬ್ಬಿಣದೊಳಗೆ ಕರಗಿ ಕೂತಿರುತ್ತದೆ. ನಿಧಾನವಾಗಿ ಆರಿಸಿದರೆ ಅದು ಹೊರಗೆ ಬಂದು ಬೇರೆ ಪದರ ಕಟ್ಟುತ್ತದೆ, ಉಕ್ಕು ಮೆತ್ತಗಾಗುತ್ತದೆ. ಈ ಬೇರ್ಪಡುವ ಆಟ ಅತಿ ಜೋರಾಗಿ ನಡೆಯುವುದು 550 ಡಿಗ್ರಿಯ ಸುತ್ತಮುತ್ತ. ಬರೀ ಕಾರ್ಬನ್ ಇರುವ ಉಕ್ಕಿಗೆ ಅಲ್ಲಿ ಸಿಗುವ ಸಮಯ ಒಂದು ಸೆಕೆಂಡಿನಷ್ಟು. ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಸೇರಿದ ಉಕ್ಕಿಗೆ ಸ್ವಲ್ಪ ಜಾಸ್ತಿ ಪುರುಸೊತ್ತು ಇರುತ್ತದೆ. ಎಣ್ಣೆಯಲ್ಲಿ ಹಾರ್ಡನಿಂಗ್ ಸಾಧ್ಯವಾಗುವುದೇ ಈ ಪುರುಸೊತ್ತಿನಿಂದ.

550 ದಾಟಿಸಿದ ಮೇಲೆ ಅವಸರ ಬೇಡ. ಇನ್ನೂ ಕೆಳಗೆ, ಈಎನ್ 24ರಲ್ಲಿ 300ರ ಹತ್ತಿರ, ಈಎನ್ 31ರಲ್ಲಿ 200ರ ಸುಮಾರಿಗೆ, ಮಾರ್ಟೆನ್‌ಸೈಟ್ ಹುಟ್ಟಲು ಶುರುವಾಗುತ್ತದೆ. ನಮಗೆ ಬೇಕಾದ ಗಟ್ಟಿತನ ಅದೇ. ಆದರೆ ಅದು ಹುಟ್ಟುವಾಗ ಉಕ್ಕು ಹಿಗ್ಗುತ್ತದೆ. ಹೊರಮೈ ಹಿಗ್ಗಿ ಗಟ್ಟಿಯಾಗಿ ಕೂತ ಮೇಲೆ ಒಳಗಿನ ಭಾಗ ತಡವಾಗಿ ಹಿಗ್ಗಲು ಹೋದರೆ ಹೊರಮೈ ಸೀಳುತ್ತದೆ. ಅಂದರೆ ಮೇಲಿನ ಬಿಸಿಯಲ್ಲಿ ಜೋರಾಗಿ ಆರಬೇಕು, ಕೆಳಗಿನ ಬಿಸಿಯಲ್ಲಿ ಮೆಲ್ಲಗೆ ಆರಬೇಕು.

ನೀರಿಗೆ ಈ ಗುಣ ಇಲ್ಲ. ನೀರು 100 ಡಿಗ್ರಿಗೆ ಕುದಿಯುತ್ತದೆ. ಹಾಗಾಗಿ ಉಕ್ಕು 300, 200ಕ್ಕೆ ಬಂದಾಗಲೂ ನೀರು ಅದರ ಮೈಮೇಲೆ ಕೊತಕೊತ ಕುದಿಯುತ್ತ ಬಿಸಿಯನ್ನು ಕಿತ್ತುಕೊಳ್ಳುತ್ತಲೇ ಇರುತ್ತದೆ. ಮೆಲ್ಲಗೆ ಹೋಗಬೇಕಾದ ಜಾಗದಲ್ಲೇ ಅದರ ಆರ್ಭಟ ಜಾಸ್ತಿ. ಖನಿಜ ಎಣ್ಣೆ ಕುದಿಯುವ ಬಿಸಿ ಬಹಳ ಮೇಲಿದೆ. ಉಕ್ಕು 300ಕ್ಕೆ ಇಳಿಯುವಷ್ಟರಲ್ಲಿ ಕುದಿ ನಿಂತು, ಎಣ್ಣೆ ಸುಮ್ನೆ ಹರಿದಾಡುತ್ತ ನಿಧಾನಕ್ಕೆ ಬಿಸಿ ಹೊರುತ್ತಿರುತ್ತದೆ. ಎಣ್ಣೆಯ ಬೆಲೆ, ಹೊಗೆ, ಬೆಂಕಿಯ ಭಯ ಎಲ್ಲವನ್ನೂ ನಾವು ಸಹಿಸಿಕೊಳ್ಳುವುದು ಈ ಒಂದು ಗುಣಕ್ಕಾಗಿ.

ಕೈಗೆ ಗೊತ್ತಾಗುವ ಮೂರು ಹಂತ

ಇಕ್ಕಳದಲ್ಲಿ ಹಿಡಿದು ಒಂದು ಕೆಂಪು ತುಂಡನ್ನು ಎಣ್ಣೆಗೆ ಇಳಿಸಿದರೆ ಇದೆಲ್ಲ ಕೈಗೇ ಗೊತ್ತಾಗುತ್ತದೆ. ಮೊದಲ ಒಂದೆರಡು ಸೆಕೆಂಡು ಏನೂ ಆಗದ ಹಾಗಿರುತ್ತದೆ. ಎಣ್ಣೆಯೊಳಗೆ ತುಂಡು ಇನ್ನೂ ಕೆಂಪಗೆ ಕಾಣುತ್ತಿರುತ್ತದೆ. ಆಗ ಅದರ ಸುತ್ತ ಎಣ್ಣೆಯ ಆವಿಯ ಪೊರೆ ಕಟ್ಟಿಕೊಂಡಿರುತ್ತದೆ. ದೋಸೆ ಹಂಚು ವಿಪರೀತ ಕಾದಾಗ ಚಿಮುಕಿಸಿದ ನೀರಿನ ಹನಿ ಕೂಡಲೇ ಇಂಗದೆ ಉರುಳಾಡುತ್ತಲ್ಲ, ಅದೇ ಕಥೆ. ಇದನ್ನು 1756ರಲ್ಲೇ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಬರೆದಿಟ್ಟಿದ್ದಾನೆ. ಆವಿಯ ಮೂಲಕ ಬಿಸಿ ಸರಿಯಾಗಿ ದಾಟುವುದಿಲ್ಲ. ಈ ಹಂತ ಉದ್ದವಾದಷ್ಟೂ ಮಾಲು ಮೆತ್ತಗಾಗುವ ಭಯ.

ಆಮೇಲೆ ಪೊರೆ ಹರಿಯುತ್ತದೆ. ಎಣ್ಣೆ ಉಕ್ಕಿನ ಮೈಗೆ ತಾಗಿ ಕುದಿಯಲು ಶುರುವಾಗುತ್ತದೆ. ಇಕ್ಕಳದ ಹಿಡಿಯಲ್ಲಿ ಗುರ್ ಎನ್ನುವ ನಡುಕ ಬರುತ್ತದೆ, ಎಣ್ಣೆಯ ಮೇಲ್ಮೈ ಉಬ್ಬುತ್ತದೆ, ಹೊಗೆ ಏಳುತ್ತದೆ. ಜೋರಾಗಿ ಆರುವುದು ಈಗ. ತೆಳ್ಳಗಿನ ಪರೀಕ್ಷೆಯ ಸರಳಿನಲ್ಲಿ ಅಳೆದರೆ ಸಾಧಾರಣ ಎಣ್ಣೆಯಲ್ಲಿ ಸೆಕೆಂಡಿಗೆ 50-60 ಡಿಗ್ರಿ ಇಳಿಯುತ್ತದೆ, ವೇಗದ ಎಣ್ಣೆಯಲ್ಲಿ 90-100ರವರೆಗೂ ಹೋಗುತ್ತದೆ. ಕೊನೆಗೆ ನಡುಕ ನಿಲ್ಲುತ್ತದೆ. ಅದು ಮೂರನೇ ಹಂತ, ಮೆಲ್ಲಗೆ ಆರುವ ಹಂತ. ಹೊಸಬರು ನಡುಕ ನಿಂತ ಕೂಡಲೇ "ಆಯ್ತು" ಎಂದು ತುಂಡನ್ನು ಮೇಲೆತ್ತುತ್ತಾರೆ. ಆಗಿರುವುದಿಲ್ಲ. ಹೊರಮೈ ಅಷ್ಟೇ ಆರಿರುತ್ತದೆ. ದಪ್ಪ ತುಂಡಿನ ಒಳಗಿನ ಬಿಸಿ ಹೊರಗೆ ಬಂದು ಎಣ್ಣೆ ತೊಟ್ಟಿಕ್ಕುವ ತುಂಡು ಗಾಳಿಯಲ್ಲೇ ಹೊತ್ತಿಕೊಳ್ಳಬಹುದು.

ಮುಂದೆ ಹೇಳುವ ಕೆಲಸಗಳೆಲ್ಲ ಮೊದಲ ಹಂತವನ್ನು ಚಿಕ್ಕದು ಮಾಡಲು, ಎಲ್ಲ ಕಡೆ ಒಂದೇ ಸಲಕ್ಕೆ ಮುಗಿಸಲು.

ಬಿಸಿ, ಅಳತೆ, ಕಲಕುವುದು

ಸಾಮಾನ್ಯ ಕ್ವೆಂಚಿಂಗ್ ಎಣ್ಣೆಯನ್ನು 50ರಿಂದ 70 ಡಿಗ್ರಿಯಲ್ಲಿ ಇಡಿ. ಬೆಚ್ಚಗಾದ ಎಣ್ಣೆ ತೆಳುವಾಗುತ್ತದೆ. ತೆಳುವಾದ ಎಣ್ಣೆ ಬೇಗ ಓಡುತ್ತದೆ, ಉಕ್ಕಿನ ಮೈಯನ್ನು ಬೇಗ ಒದ್ದೆ ಮಾಡುತ್ತದೆ, ಬಿಸಿಯಾದ ಎಣ್ಣೆ ಸರಿದು ಹೊಸ ಎಣ್ಣೆ ಜಾಗಕ್ಕೆ ಬರುತ್ತದೆ. ಮಂದ ಎಣ್ಣೆ ಬಂದ ಬಿಸಿಯನ್ನು ಹೊತ್ತು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಶುಕ್ರವಾರ ಬೆಳಗ್ಗೆ ಹೀಟರ್ ಹಾಕಿ ಕಾಯುವುದು. ಟ್ಯಾಂಕಿಗೆ ಹೀಟರ್ ಇಲ್ಲದಿದ್ದರೆ ಬೇಡದ ಒಂದಷ್ಟು ಸ್ಕ್ರ್ಯಾಪ್ ತುಂಡುಗಳನ್ನು ಕಾಯಿಸಿ ಮುಳುಗಿಸಿ. ಗಿರಾಕಿಯ ಮಾಲಿನ ಮೊದಲ ಲೋಡಿನಿಂದ ಎಣ್ಣೆ ಬೆಚ್ಚಗೆ ಮಾಡುವ ಜಾಣತನ ಬೇಡ.

ಹಾಗಂತ ಬಿಸಿ ಜಾಸ್ತಿ ಮಾಡುತ್ತ ಹೋಗಬಾರದು. ಎಣ್ಣೆಯ ಡ್ರಮ್ಮಿನ ಜೊತೆ ಬರುವ ಹಾಳೆಯಲ್ಲಿ ಫ್ಲ್ಯಾಶ್ ಪಾಯಿಂಟ್, ಅಂದರೆ ಎಣ್ಣೆಯ ಆವಿಗೆ ಕಿಡಿ ತಾಗಿದರೆ ಬೆಂಕಿ ಹತ್ತುವ ಬಿಸಿ, ಬರೆದಿರುತ್ತದೆ. ಟ್ಯಾಂಕಿನ ಎಣ್ಣೆ ಲೋಡ್ ಮುಳುಗಿದ ಮೇಲೂ ಅದಕ್ಕಿಂತ ಕನಿಷ್ಠ 50-60 ಡಿಗ್ರಿ ಕೆಳಗೇ ಇರಬೇಕು. ಇಲ್ಲಿ ಒಂದು ಸಣ್ಣ ಲೆಕ್ಕ ಬರುತ್ತದೆ. ಒಂದು ಕಿಲೋ ಉಕ್ಕು 850ರಿಂದ 60ಕ್ಕೆ ಇಳಿಯುವಾಗ ಸುಮಾರು 500 ಕಿಲೋಜೂಲ್ ಬಿಸಿ ಬಿಡುತ್ತದೆ. ಕಿಲೋಗೆ 10 ಲೀಟರ್ ಎಣ್ಣೆ ಇದ್ದರೆ ಆ ಎಣ್ಣೆ ಸುಮಾರು 30 ಡಿಗ್ರಿ ಏರುತ್ತದೆ. 5 ಲೀಟರ್ ಮಾತ್ರ ಇದ್ದರೆ 60 ಡಿಗ್ರಿ. 60ರಲ್ಲಿದ್ದ ಎಣ್ಣೆ ಒಂದೇ ಲೋಡಿಗೆ 120ಕ್ಕೆ ಹೋಗುತ್ತದೆ. ಆರಲು ಬಿಡದೆ ಇನ್ನೊಂದು ಲೋಡ್ ಇಳಿಸಿದರೆ 180. ಎಷ್ಟೋ ಎಣ್ಣೆಗಳ ಫ್ಲ್ಯಾಶ್ ಪಾಯಿಂಟ್ ಅಲ್ಲೇ ಎಲ್ಲೋ ಇರುತ್ತದೆ! ತಿಂಗಳ ಕೊನೆಯಲ್ಲಿ ಚಾಕಣದ ಗಿರಾಕಿಗಳಿಂದ ಫೋನ್ ಮೇಲೆ ಫೋನ್ ಬರುವಾಗ ಮಾಲು ತುಂಬುವ ಬಾಸ್ಕೆಟ್‌ನಲ್ಲಿ ಇನ್ನೊಂದು ಪದರ ಜೋಡಿಸೋಣ ಅನ್ನಿಸುತ್ತದೆ. ಕಿಲೋಗೆ 8-10 ಲೀಟರ್ ಅನ್ನುವ ಲೆಕ್ಕ ಅವತ್ತೂ ಬದಲಾಗುವುದಿಲ್ಲ. ಬಾಸ್ಕೆಟ್, ಮಾಲು ಹಿಡಿದಿಡುವ ಫಿಕ್ಸ್ಚರ್‌ಗಳ ತೂಕವನ್ನೂ ಇದರಲ್ಲಿ ಸೇರಿಸಿ. ಅವೂ ಕೆಂಪಗೆ ಕಾದೇ ಬಂದಿರುತ್ತವೆ, ಅಲ್ವಾ?

ಕಲಕದೆ ನಿಂತ ಎಣ್ಣೆಯಲ್ಲಿ ಆವಿಯ ಪೊರೆ ಹಾಯಾಗಿ ಕೂರುತ್ತದೆ. ಮೋಟಾರಿನ ರೆಕ್ಕೆಯೋ ಪಂಪೋ ಇಟ್ಟು ಎಣ್ಣೆಯನ್ನು ಮಾಲಿನ ಸಂದಿಯಿಂದ ಹಾಯಿಸಬೇಕು. ಟ್ಯಾಂಕಿನ ಗೋಡೆ ಪಕ್ಕ ಮಾತ್ರ ಹರಿದರೆ ಲಾಭವಿಲ್ಲ. ಕೈಯಲ್ಲಿ ಒಂದೊಂದೇ ತುಂಡು ಅದ್ದುವವರು ಮೇಲೆ ಕೆಳಗೆ ಆಡಿಸಿ. ತೆಳ್ಳಗಿನ ಬ್ಲೇಡನ್ನು ಎಡಕ್ಕೆ ಬಲಕ್ಕೆ ಬೀಸಿದರೆ ಒಂದು ಮೈ ಮೊದಲು ಆರಿ ಬಾಗುತ್ತದೆ. ಉದ್ದ ಶಾಫ್ಟನ್ನು ನೇರವಾಗಿ ತೂಗುಹಾಕಿಯೇ ಇಳಿಸಬೇಕು. ಕುರುಡು ತೂತು (ಒಂದೇ ಕಡೆ ಬಾಯಿ ಇರುವುದು) ಇರುವ ಮಾಲಾದರೆ ತೂತಿನ ಬಾಯಿ ಮೇಲಕ್ಕಿರಲಿ, ಇಲ್ಲದಿದ್ದರೆ ಆವಿ ಅದರೊಳಗೆ ಸಿಕ್ಕಿಕೊಂಡು ಆ ಜಾಗ ಮೆತ್ತಗೆ ಉಳಿಯುತ್ತದೆ.

ಕೆಲವರು ಕಂಪ್ರೆಸರ್ ಪೈಪನ್ನೇ ಟ್ಯಾಂಕಿಗೆ ಬಿಟ್ಟು ಗುಳುಗುಳು ಮಾಡಿಸುತ್ತಾರೆ. ಎಣ್ಣೆ ಚೆನ್ನಾಗಿ ಕಲಕಿದ ಹಾಗೆ ಕಾಣುತ್ತದೆ, ನಿಜ. ಆದರೆ ಗಾಳಿಯ ಗುಳ್ಳೆ ಬಿಸಿ ದಾಟಲು ಬಿಡುವುದಿಲ್ಲ. ಮೇಲಾಗಿ ಬಿಸಿ ಎಣ್ಣೆಗೆ ಗಾಳಿ ಸೇರಿದಷ್ಟೂ ಅದು ಬೇಗ ಕೆಡುತ್ತದೆ. ಕಂಪ್ರೆಸರ್ ಗಾಳಿಯ ಜೊತೆ ನೀರೂ ಬರುತ್ತದೆ. ಈ ನೀರಿನ ವಿಷಯಕ್ಕೆ ಬರೋಣ.

ನೀರು

ಎಣ್ಣೆ ಟ್ಯಾಂಕಿಗೆ ನೀರಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ನೂರಕ್ಕೆ 0.1 ಭಾಗ ನೀರು ಸೇರಿದರೂ ಎಣ್ಣೆಯ ನಡತೆ ಬದಲಾಗುತ್ತದೆ. ಒಂದು ಕಡೆ ಕ್ರ್ಯಾಕ್, ಇನ್ನೊಂದು ಕಡೆ ಮೆತ್ತನೆಯ ಚುಕ್ಕೆ, ಒಂದೇ ಬಾಸ್ಕೆಟ್‌ನಲ್ಲಿ ಎರಡೂ ಸಿಗುತ್ತವೆ. ಅದಕ್ಕಿಂತ ಜಾಸ್ತಿ ಸೇರಿದರೆ ಮಾಲಿನ ಮಾತು ಬಿಡಿ, ಜೀವದ ಮಾತು. ನೀರು ಆವಿಯಾದರೆ 1,600 ಪಟ್ಟಿಗಿಂತ ಹೆಚ್ಚು ಜಾಗ ಕೇಳುತ್ತದೆ. ಕೆಂಪಗಾದ ಲೋಡ್ ಕೆಳಗಿಳಿದು ತಳದ ನೀರಿಗೆ ತಾಗಿದರೆ ಎಣ್ಣೆ ನೊರೆಯೆದ್ದು ಟ್ಯಾಂಕಿನ ಅಂಚು ದಾಟಿ ಬರುತ್ತದೆ. ಹೊರಗೆ ಬಂದ ಬಿಸಿ ಎಣ್ಣೆಗೆ ಬೆಂಕಿ ಹತ್ತಿಸಲು ಫರ್ನೆಸ್ ಪಕ್ಕದಲ್ಲೇ ಇರುತ್ತದೆ.

ನೀರು ಬರುವ ದಾರಿಗಳು ಗೊತ್ತಿರಲಿ. ಎಣ್ಣೆ ಆರಿಸುವ ಕೂಲರ್ ನೀರಿನದಾಗಿದ್ದರೆ ಅದರ ಪೈಪಿನ ಸೋರಿಕೆ. ತೊಳೆದು ಒಣಗಿಸದೆ ತಂದ ಬಾಸ್ಕೆಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪತ್ರಾ (ತಗಡಿನ) ಶೆಡ್ಡಿನ ತೂತಿನಿಂದ ತೊಟ್ಟಿಕ್ಕುವ ಮಳೆ. ಭೋಸರಿಯ ಹಳೇ ಶೆಡ್ಡುಗಳಲ್ಲಿ ಬೋಲ್ಟಿನ ಸುತ್ತ ತುಕ್ಕು ತಿಂದ ತೂತು ಕೆಳಗಿನಿಂದ ಕಾಣುವುದೇ ಇಲ್ಲ. ಮಳೆಗಾಲ ಶುರುವಾಗುವ ಮೊದಲು ಟ್ಯಾಂಕಿನ ನೇರಕ್ಕೆ ಮೇಲೆ ಯಾವ ಶೀಟ್ ಇದೆ ಅಂತ ಹತ್ತಿ ನೋಡಿ, ಟಾರ್ ಬಳಿಸಿ. ಟ್ಯಾಂಕಿಗೆ ಮುಚ್ಚಳ ಇರಲೇಬೇಕು.

ಪರೀಕ್ಷೆ ಸುಲಭ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂರುತ್ತದೆ. ಆದ್ದರಿಂದ ರಜೆಯ ಮರುದಿನ ಬೆಳಗ್ಗೆ ಕಲಕುವ ಮೋಟಾರ್ ಹಾಕುವ ಮೊದಲೇ ತಳದ ಕಾಕ್ ತಿರುಗಿಸಿ ಒಂದು ಗಾಜಿನ ಬಾಟಲಿಗೆ ಎಣ್ಣೆ ಹಿಡಿಯಿರಿ. ಮೋಟಾರ್ ಹಾಕಿದ ಮೇಲೆ ಹಿಡಿದರೆ ನೀರು ಎಲ್ಲ ಕಡೆ ಹರಡಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಾಟಲಿಯಲ್ಲಿ ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ, ಅವತ್ತು ಲೋಡ್ ಇಳಿಸುವುದೇ ಬೇಡ. ಏನೂ ಕಾಣದಿದ್ದರೂ ಎರಡು ಹನಿಯನ್ನು 150 ಡಿಗ್ರಿಯ ಸುಮಾರಿಗೆ ಕಾದ ಕಬ್ಬಿಣದ ಪ್ಲೇಟ್ ಮೇಲೆ ಬಿಡಿ. ಸುಮ್ಮನೆ ಹರಡಿಕೊಂಡರೆ ಸರಿ. ಚಟಚಟ ಅಂದರೆ ನೀರಿದೆ. ಬಗ್ಗಿ ಮುಖ ಹತ್ತಿರ ಒಯ್ದು ನೋಡಬೇಡಿ, ಕನ್ನಡಕ ಹಾಕಿಕೊಂಡು ಕಿವಿಗೆ ಕೆಲಸ ಕೊಡಿ.

ಬಾಸ್ಕೆಟ್ ಅರ್ಧದಲ್ಲಿ ನಿಂತರೆ

ಪೂರ್ತಿ ಮುಳುಗಿದ ಕೆಂಪು ಲೋಡ್ ಅಷ್ಟು ಅಪಾಯದ್ದಲ್ಲ. ಎಣ್ಣೆಯ ಒಳಗೆ ಗಾಳಿ ಇಲ್ಲ, ಬೆಂಕಿ ಹತ್ತುವುದಿಲ್ಲ. ಅರ್ಧ ಮುಳುಗಿ ಅರ್ಧ ಹೊರಗಿರುವ ಲೋಡೇ ಯಮ. ಎಣ್ಣೆ ಆವಿಯಾಗಿ ಮೇಲೇಳುತ್ತದೆ, ಮೇಲೆ ಕೆಂಪು ಉಕ್ಕು ಬೆಂಕಿ ಕೊಡಲು ನಿಂತಿರುತ್ತದೆ. ಕರೆಂಟ್ ಹೋಗಿ ಲೋಡ್ ಎತ್ತಿಳಿಸುವ ಹಾಯಿಸ್ಟ್ ನಡುವೆ ನಿಲ್ಲುವುದು, ಬಾಸ್ಕೆಟ್ ಟ್ಯಾಂಕಿನ ಅಂಚಿಗೆ ಸಿಕ್ಕಿಕೊಳ್ಳುವುದು, ಇವೇ ಹೆಚ್ಚಿನ ಬೆಂಕಿಗಳ ಮೂಲ. ಆದ್ದರಿಂದ ಕರೆಂಟ್ ಇಲ್ಲದಿದ್ದರೂ ಬ್ರೇಕ್ ಬಿಟ್ಟರೆ ತನ್ನ ಭಾರಕ್ಕೇ ಕೆಳಗಿಳಿಯುವ ವ್ಯವಸ್ಥೆ ಇರಲಿ. ಇಲ್ಲವೇ ಪಕ್ಕದಲ್ಲಿ ಕೈಯಿಂದ ಎಳೆಯುವ ಚೈನ್ ಪುಲಿ ಇರಲಿ. ಸಿಕ್ಕಿಕೊಂಡರೆ ಮೇಲೆತ್ತುವ ಯೋಚನೆ ಬೇಡ, ಹೇಗಾದರೂ ಮಾಡಿ ಕೆಳಗಿಳಿಸಿ. ಹೊತ್ತಿಕೊಂಡ ಎಣ್ಣೆಗೆ ನೀರು ಹಾಕಲೇಬಾರದು. ಮುಚ್ಚಳ ಎಳೆಯಿರಿ. ಒಣ ಪುಡಿ, ಕಾರ್ಬನ್ ಡೈಆಕ್ಸೈಡ್ ಅಥವಾ ಫೋಮ್ ಸಿಲಿಂಡರ್ ಬಳಸಿ. ಅವು ಟ್ಯಾಂಕಿನ ಹಿಂದೆ ಅಲ್ಲ, ಓಡಿಹೋಗುವ ದಾರಿಯ ಬದಿಯಲ್ಲಿ ತೂಗಿರಲಿ.

ಇನ್ನು ಫರ್ನೆಸ್ ಬಾಗಿಲು ತೆರೆದ ಮೇಲೆ ಮಾತು, ನಗೆ ಏನೂ ಇಲ್ಲ. ತೆಳ್ಳಗಿನ ರಿಂಗು, ಬ್ಲೇಡುಗಳು ಕೆಲವೇ ಸೆಕೆಂಡುಗಳಲ್ಲಿ ಗಾಳಿಯಲ್ಲೇ ಬಿಸಿ ಕಳೆದುಕೊಳ್ಳುತ್ತವೆ. ಆಮೇಲೆ ಎಂಥ ಎಣ್ಣೆ ಇದ್ದರೂ ಪ್ರಯೋಜನವಿಲ್ಲ.

ಎಣ್ಣೆ ಮುದಿಯಾಗುವುದು

ಎಣ್ಣೆ ದಿನ ಕಳೆದ ಹಾಗೆ ಕಪ್ಪಾಗುತ್ತದೆ, ತಳದಲ್ಲಿ ಗಸಿ ಕಟ್ಟುತ್ತದೆ, ಮಾಲಿನ ಮೇಲೆ ಕಲೆ ಬಿಡುತ್ತದೆ. ಅದರ ವೇಗವೂ ಬದಲಾಗುತ್ತದೆ. ಪ್ರಯೋಗಶಾಲೆಯಲ್ಲಿ 12.5 ಮಿಲಿಮೀಟರ್ ದಪ್ಪದ ಇಂಕೊನೆಲ್ ಎಂಬ ನಿಕಲ್ ಮಿಶ್ರಲೋಹದ ಸರಳಿನ ನಡುವೆ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು, 850ಕ್ಕೆ ಕಾಯಿಸಿ ಎಣ್ಣೆಗೆ ಇಳಿಸಿ ಆರುವ ಗೆರೆ ತೆಗೆಯುತ್ತಾರೆ. ಐಎಸ್‌ಓ 9950 ಎಂಬ ಪರೀಕ್ಷೆ ಅದು. ಹೊಸ ಎಣ್ಣೆಯ ಗೆರೆ ನಿಮ್ಮ ಬಳಿ ಇದ್ದರೆ ಪಕ್ಕಪಕ್ಕ ಇಟ್ಟು ನೋಡಬಹುದು. ಎಣ್ಣೆ ಕೊಡುವವರಿಂದಲೇ ಆಗಾಗ ಸ್ಯಾಂಪಲ್ ಪರೀಕ್ಷೆ ಮಾಡಿಸಿಕೊಳ್ಳಿ.

ಶಾಪಿನಲ್ಲೇ ಮಾಡಬಹುದಾದ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಈಎನ್ 8 ಎಂಬ ಸಾದಾ ಕಾರ್ಬನ್ ಉಕ್ಕಿನ 25 ಮಿಲಿಮೀಟರ್ ದಪ್ಪದ ಒಂದೇ ಬಾರ್ ತಂದು 100 ಮಿಲಿಮೀಟರ್ ತುಂಡುಗಳಾಗಿ ಕತ್ತರಿಸಿ ಇಟ್ಟುಕೊಳ್ಳಿ. ಎಣ್ಣೆ ಹೊಸದಾಗಿ ತುಂಬಿದ ದಿನ ಒಂದನ್ನು ಗೊತ್ತಾದ ಬಿಸಿ, ಗೊತ್ತಾದ ಸಮಯ ಕೊಟ್ಟು ಮುಳುಗಿಸಿ. ನಡುವೆ ಕತ್ತರಿಸಿ, ಕತ್ತರಿಸುವಾಗ ಬಿಸಿಯಾಗದ ಹಾಗೆ ನೋಡಿಕೊಂಡು, ಅಂಚಿನಲ್ಲೂ ಮಧ್ಯದಲ್ಲೂ ಹಾರ್ಡ್‌ನೆಸ್ ಬರೆದಿಡಿ. ಆಮೇಲೆ ಅದೇ ಬಿಸಿ, ಅದೇ ಸಮಯ ಕೊಟ್ಟು ತಿಂಗಳಿಗೊಂದು. ಈಎನ್ 8ಗೆ ಪುರುಸೊತ್ತು ಕಡಿಮೆ, ಎಣ್ಣೆಯಲ್ಲಿ ಆ ದಪ್ಪದ ಮಧ್ಯದವರೆಗೆ ಪೂರ್ತಿ ಗಟ್ಟಿಯಾಗುವುದಿಲ್ಲ. ಅದಕ್ಕೇ ಎಣ್ಣೆಯ ಚಿಕ್ಕ ಬದಲಾವಣೆಯನ್ನೂ ಅದು ತೋರಿಸಿಕೊಡುತ್ತದೆ. ಈಎನ್ 24 ತುಂಡಿನಲ್ಲಿ ಈ ಪರೀಕ್ಷೆ ಮಾಡಿದರೆ ಎಣ್ಣೆ ಕೆಟ್ಟಿದ್ದರೂ ಗಟ್ಟಿಯಾಗಿಯೇ ಬರುತ್ತದೆ, ಏನೂ ತಿಳಿಯುವುದಿಲ್ಲ.

ಮಾಲಿನಲ್ಲಿ ತೊಂದರೆ ಕಂಡಾಗಲೂ ಹೀಗೇ ಬೇರ್ಪಡಿಸಿ ನೋಡಿ. ಇಡೀ ಲೋಡ್ ಒಂದೇ ಸಮ ಮೆತ್ತಗಿದ್ದರೆ ಎಣ್ಣೆ ಬಿಸಿಯಾಗಿತ್ತೋ, ನಿಧಾನವಾಗಿದೆಯೋ ನೋಡಿ. ಬಾಸ್ಕೆಟ್‌ನ ನಡುವಿನ ತುಂಡುಗಳು ಮಾತ್ರ ಮೆತ್ತಗಿದ್ದರೆ ಜೋಡಣೆ ಒತ್ತಾಗಿದೆ, ಎಣ್ಣೆ ಒಳಗೆ ಹೋಗಿಲ್ಲ. ಒಂದೇ ತುಂಡಿನಲ್ಲಿ ಅಲ್ಲಲ್ಲಿ ಮೆತ್ತಗಿದ್ದರೆ ಪೊರೆ ಅಲ್ಲಿ ಹರಿದಿಲ್ಲ, ಅಥವಾ ಸ್ಕೇಲ್ (ಕಾಯಿಸುವಾಗ ಕಟ್ಟುವ ಆಕ್ಸೈಡ್ ಪದರ) ಅಂಟಿಕೊಂಡಿತ್ತು. ಕೀವೇ (ಶಾಫ್ಟಿನಲ್ಲಿ ಕೀ ಕೂರುವ ಕಚ್ಚು) ಮೂಲೆಯಿಂದಲೇ ಕ್ರ್ಯಾಕ್ ಹೊರಟಿದ್ದರೆ ಮೂಲೆ ಚೂಪಾಗಿದೆ, ಡ್ರಾಯಿಂಗ್ ಮಾಡಿದವರ ಜೊತೆ ಮಾತಾಡಿ. ಆದರೂ ಮಾತಾಡುವ ಮೊದಲು ನಿಮ್ಮ ಎಣ್ಣೆಯ ಹನಿ ಪ್ಲೇಟ್ ಮೇಲೆ ಚಟಚಟ ಅನ್ನುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಮನೆಯಲ್ಲಿ ಚಾಕು, ಉಳಿ ಮಾಡುವವರು ಬಳಸಿದ ಇಂಜಿನ್ ಆಯಿಲ್ ನಡೆಯುತ್ತಾ ಅಂತ ಕೇಳುತ್ತಾರೆ. ಬೇಡ. ಅದರಲ್ಲಿ ಪೆಟ್ರೋಲ್ ಸೇರಿ ಫ್ಲ್ಯಾಶ್ ಪಾಯಿಂಟ್ ಕೆಳಗಿಳಿದಿರಬಹುದು, ಲೋಹದ ಪುಡಿ ಇರುತ್ತದೆ, ಹೊಗೆ ಕೆಟ್ಟದ್ದು. ಸಣ್ಣ ತುಂಡುಗಳಿಗೆ ನಮ್ಮೂರ ಶೇಂಗಾ ಎಣ್ಣೆಯೇ ಎಷ್ಟೋ ವಾಸಿ. ಅಡುಗೆ ಎಣ್ಣೆಗಳಲ್ಲಿ ಆವಿಯ ಹಂತ ಬಹಳ ಚಿಕ್ಕದು, ಫ್ಲ್ಯಾಶ್ ಪಾಯಿಂಟ್ 300 ಡಿಗ್ರಿಯ ಆಸುಪಾಸು. ಆದರೆ ಬಿಸಿಗೂ ಗಾಳಿಗೂ ಬೇಗ ಅಂಟಂಟಾಗಿ ಕಮಟು ಹಿಡಿಯುತ್ತದೆ. ದಿನಕ್ಕೆ ಹತ್ತು ಲೋಡ್ ಹಾಕುವ ಟ್ಯಾಂಕಿಗೆ ಅದು ಸರಿಹೋಗದು.

ಎಣ್ಣೆಯಿಂದ ತೆಗೆದ ಮೇಲೆ

ಮಾಲು ಇನ್ನೂ ಕೈ ತಾಗಿಸಬಹುದಾದಷ್ಟು ಬೆಚ್ಚಗೆ, 50-60 ಡಿಗ್ರಿ ಇರುವಾಗಲೇ ತೊಳೆದು ಟೆಂಪರಿಂಗ್‌ಗೆ, ಅಂದರೆ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸಿ ಒಳಗಿನ ಎಳೆದಾಟ ಇಳಿಸಲು, ಹಾಕಿ. ಈಎನ್ 31 ಎಣ್ಣೆಯಿಂದ ಬಂದಾಗ 63-65 ಎಚ್‌ಆರ್‌ಸಿ (ರಾಕ್‌ವೆಲ್ ಗಟ್ಟಿತನದ ಅಳತೆ) ಇರುತ್ತದೆ. ಆ ಹೊತ್ತಿಗೆ ಅದರೊಳಗೆ ಎಳೆದಾಟ ತುಂಬಿರುತ್ತದೆ, ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಗ್ಗೆ ಕ್ರ್ಯಾಕ್ ಕಾಣಬಹುದು. 180 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ 60ರ ಸುಮಾರಿಗೆ ಬಂದು ನಿಲ್ಲುತ್ತದೆ. ತೊಳೆಯದೆ ಹಾಕಿದರೆ ಟೆಂಪರಿಂಗ್ ಫರ್ನೆಸ್ ತುಂಬ ಹೊಗೆ. ತೊಳೆದ ಬಾಸ್ಕೆಟ್ ಮತ್ತೆ ಫರ್ನೆಸ್‌ಗೆ, ಎಣ್ಣೆಗೆ ಹೋಗುವ ಮೊದಲು ಪೂರ್ತಿ ಒಣಗಿರಬೇಕು. ತೊಳೆಯುವ ತೊಟ್ಟಿಯಲ್ಲಿ ಮೇಲೆ ತೇಲುವ ಎಣ್ಣೆಯನ್ನು ಬಳಿದು ಉಳಿತಾಯ ಅಂತ ಟ್ಯಾಂಕಿಗೆ ಮರಳಿ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಅದರಲ್ಲಿ ನೀರೂ ಸೋಡಾವೂ ಇರುತ್ತವೆ. ಅದನ್ನು ಬೇರೆ ಡ್ರಮ್ಮಿಗೆ ಹಾಕಿ, ತಳದ ಗಸಿಯನ್ನೂ ಹಳೇ ಎಣ್ಣೆಯನ್ನೂ ಹಾಗೇ ಬೇರೆ ಬೇರೆ ಇಟ್ಟು ಹೆಸರು ಬರೆಯಿರಿ. ಕಾನೂನಿನ ಪ್ರಕಾರ ಇದೆಲ್ಲ ಅಪಾಯಕಾರಿ ತ್ಯಾಜ್ಯ. ಗಟಾರಕ್ಕೆ ಬಿಡುವ ಹಾಗಿಲ್ಲ, ದಾರಿಯಲ್ಲಿ ಕೇಳಿಕೊಂಡು ಬರುವ ಭಂಗಾರ್‌ವಾಲಾನಿಗೂ (ಗುಜರಿಯವನಿಗೂ) ಕೊಡುವ ಹಾಗಿಲ್ಲ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೇ ಕೊಟ್ಟು ರಸೀದಿ ಫೈಲಿಗೆ ಹಾಕಿಡಿ.